ಮನೆ-ಹಿತ್ತಲು: ಹುಳು ತಿನ್ನುವ ಗಿಡಕ್ಕೆ ಬಂದ ಬೇನೆ

ಈ ತಿಂಗಳ ಟಪಾಲಿನಲ್ಲಿ ತಿಕೋಟಾದ ಕಡೆಯಿಂದ ಬಂದ ಓಲೆಯೊಂದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ. ಏಕೆಂದರೆ ಅದರಲ್ಲಿಯ ಪ್ರಶ್ನೆಯು ಒಂದು ಗಿಡದ್ದಾದರೂ ಉತ್ತರವು ವಿಜಯಪುರ ಸೀಮೆಯ ನೀರು-ನೆಲಗಳಿಗೇ ಸಂಬಂಧಿಸಿದ್ದು. ಓಲೆ ಬರೆದ ಸೋದರಿಯ ಮಗಳಿಗೆ ಅವಳ ಸೋದರಮಾವನು ಬೆಂಗಳೂರಿನಿಂದ ನೊಣ ಹಿಡಿಯುವ ಗಿಡವೊಂದನ್ನು ತಂದುಕೊಟ್ಟನಂತೆ. ಮೊದಲ ತಿಂಗಳು ಅದು ಚೆನ್ನಾಗಿಯೇ ಇತ್ತು. ಈಗ ಅದರ ಬಾಯಿಗಳು ಒಂದೊಂದಾಗಿ ಕಪ್ಪಾಗುತ್ತಿವೆ, ಹೊಸದಾಗಿ ಬರುವ ಎಲೆಯೂ ಅಂಚು ಸುಟ್ಟುಕೊಂಡೇ ಹೊರಬೀಳುತ್ತಿದೆ. ಹಸಿವಿನಿಂದ ಸೊರಗುತ್ತಿರಬಹುದೆಂದು ಮನೆಯವರು ನೊಣಗಳನ್ನು ಹಿಡಿದು ಹಾಕಿದರು. ಬುಡಕ್ಕೆ ಒಂದು ಹಿಡಿ ಸೆಗಣಿ ಗೊಬ್ಬರ ಕೊಟ್ಟರು. ದಿನಕ್ಕೆರಡು ಸಲ ತೋಟದ ಕೊಳವೆಬಾವಿಯ ನೀರನ್ನು ತಪ್ಪದೆ ಎರೆದರು. ಹುಡುಗಿಯಂತೂ ಶಾಲೆಯಿಂದ ಬಂದೊಡನೆ ಪಾಟಿಚೀಲವನ್ನು ಇಳಿಸದೆಯೇ ಕುಂಡದ ಬಳಿಗೆ ಹೋಗಿ ನಿಲ್ಲುತ್ತಾಳೆ. ಗಿಡ ಉಳಿಯುವುದೇ ಎಂಬುದು ತಾಯಿಯ ಪ್ರಶ್ನೆ. ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಇಂಥದನ್ನು ಇಟ್ಟುಕೊಳ್ಳಬಹುದೇ ಎಂಬುದು ಅತ್ತೆಯವರ ಪ್ರಶ್ನೆ.

ಮೊದಲು ತಾಯಿಗೆ ಉತ್ತರ. ಗಿಡದ ನಡುವೆ, ಎಲೆಗಳೆಲ್ಲ ಹೊರಡುವ ಸ್ಥಳವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿನೋಡಬೇಕು. ಅದು ಗಟ್ಟಿಯಾಗಿ ಬೆಳ್ಳಗೆ ಅಥವಾ ಹಸುರಾಗಿ ಇದ್ದರೆ ಗಿಡವು ಜೀವಂತವಾಗಿದೆ, ಉಳಿಸಿಕೊಳ್ಳಬಹುದು. ಮೆತ್ತಗಾಗಿ ಕಪ್ಪೇರಿ ಕೊಳೆತ ವಾಸನೆ ಬರುತ್ತಿದ್ದರೆ ಆಸೆಯನ್ನು ಬಿಡುವುದೇ ಲೇಸು. ಆದರೆ ಎರಡು ಸಂಗತಿಗಳಲ್ಲಿಯೂ ಕಾರಣವು ಹಸಿವೆಯಲ್ಲ. ಈ ಗಿಡವನ್ನು ಕೊಲ್ಲುತ್ತಿರುವುದು ಕೊಳವೆಬಾವಿಯ ನೀರು. ಅದಕ್ಕೆ ಕೈಗೂಡಿಸಿದ್ದು ಗೊಬ್ಬರ. ಬೇರೆ ಯಾವ ಗಿಡಕ್ಕಾದರೂ ಇವು ಉಪಚಾರವೇ ಸರಿ. ಈ ಒಂದು ಜಾತಿಗೆ ಮಾತ್ರ ಅವೇ ವಿಷವಾಗುತ್ತವೆ.

ಇದು ಹೇಗೆಂಬುದನ್ನು ತಿಳಿಯಲು ಈ ಗಿಡಗಳ ತವರುಮನೆಯನ್ನು ನೋಡಬೇಕು. ಬಾಯಿ ಮುಚ್ಚಿ ನೊಣ ಹಿಡಿಯುವ ಗಿಡವು ಅಮೇರಿಕೆಯ ಉತ್ತರ ಮತ್ತು ದಕ್ಷಿಣ ಕ್ಯಾರೋಲಿನಾ ಪ್ರಾಂತಗಳ ಕರಾವಳಿಯ ಜವುಗು ಬಯಲಿನಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ. ಅದನ್ನು ವೀನಸ್ ಫ್ಲೈಟ್ರ್ಯಾಪ್ ಎಂದು ಕರೆಯುತ್ತಾರೆ. ನಾವು ನೊಣಬೋನು ಎನ್ನೋಣ. ಅಲ್ಲಿಯ ನೆಲದಲ್ಲಿ ನೀರು ಯಥೇಚ್ಛವಾಗಿದೆ, ಸಾರ ಮಾತ್ರ ಏನೇನೂ ಇಲ್ಲ. ಬೇರುಗಳಿಗೆ ಸಿಕ್ಕದ ಸಾರಜನಕವನ್ನು ಗಿಡವು ಎಲೆಗಳ ಮೂಲಕ, ಹುಳುಗಳ ದೇಹದಿಂದ ಪಡೆಯುವುದನ್ನು ರೂಢಿಸಿಕೊಂಡಿತು. ಹೀಗಾಗಿ ಅದರ ಬೇರುಗಳು ನೀರನ್ನು ಹೀರುವುದಕ್ಕಷ್ಟೇ ಸಮರ್ಥವಾದವು. ಲವಣವನ್ನೂ ಗೊಬ್ಬರವನ್ನೂ ತಾಳಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಬಡತನದಲ್ಲಿ ಬೆಳೆದವನಿಗೆ ಒಮ್ಮೆಲೇ ಹೋಳಿಗೆ ತುಪ್ಪದ ಊಟವನ್ನು ದಿನಕ್ಕೆ ಮೂರು ಹೊತ್ತು ಬಡಿಸಿದಂತೆ ನಮ್ಮ ಆರೈಕೆ.

ಅಷ್ಟು ದೂರ ಹೋಗುವ ಕಾರಣವೂ ಇಲ್ಲ. ಸಾತಾರೆಯ ಹತ್ತಿರದ ಕಾಸ್ ಬಯಲಿಗೆ ಮಳೆಗಾಲದ ಕೊನೆಯಲ್ಲಿ ಹೂವು ನೋಡಲು ಹೋದವರು ನಮ್ಮ ವಾಚಕರಲ್ಲಿ ಹಲವರಿರಬಹುದು. ೨೦೧೨ರಲ್ಲಿ ಸಹ್ಯಾದ್ರಿಯ ಇತರ ತಾಣಗಳೊಡನೆ ಅದು ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ನೆಲದ ಮೇಲೆ ನೇರಿಳೆ ಬಣ್ಣದ ಹಾಸಿಗೆಯಂತೆ ಕಾಣುವ ಪುಟ್ಟ ಹೂವನ್ನು ಮರಾಠಿಗರು ಸೀತೆಯ ಕಣ್ಣೀರೆಂದು ಕರೆಯುತ್ತಾರೆ. ಅಷ್ಟು ಸುಕುಮಾರವಾದ ಆ ಹೂವಿನ ಗಿಡವು ನೆಲದೊಳಗೆ ಸಣ್ಣ ಚೀಲಗಳನ್ನು ಬಿಟ್ಟು ಸೂಕ್ಷ್ಮಜೀವಿಗಳನ್ನು ಸೆಳೆದು ನುಂಗುತ್ತದೆ. ಅದೇ ಬಯಲಿನಲ್ಲಿ ಡ್ರಾಸೆರಾ ಎಂಬ ಇನ್ನೊಂದು ಗಿಡವೂ ಇದೆ. ಎಲೆಯ ತುಂಬ ಕೂದಲು, ಒಂದೊಂದು ಕೂದಲಿನ ತುದಿಯಲ್ಲಿಯೂ ಅಂಟು ಹನಿ. ಇಬ್ಬನಿಯೆಂದು ಬಂದು ಕುಳಿತ ಹುಳು ಏಳಲಾರದು. ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿಯೂ ಮಲೆನಾಡಿನಲ್ಲಿಯೂ ಈ ಕುಲದವು ಉಂಟು.

ಈಗ ಒಂದು ವಿಚಿತ್ರವನ್ನು ಗಮನಿಸಿರಿ. ಕಾಸ್ ಬಯಲಿನ ಅಡಿಯ ಕಲ್ಲೂ ವಿಜಯಪುರದ ಅಡಿಯ ಕಲ್ಲೂ ಒಂದೇ. ಪ್ರಾಚೀನ ಕಾಲದಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕರಿಕಲ್ಲು. ಭೇದವಿರುವುದು ಮೇಲೆ ಸುರಿಯುವ ಮಳೆಯಲ್ಲಿ. ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿವ ಭಾರಿ ಮಳೆಯು ಕಲ್ಲಿನೊಳಗಿನ ಸುಣ್ಣವನ್ನೂ ಲವಣಗಳನ್ನೂ ತೊಳೆದು ಒಯ್ದು, ಸಾರವಿಲ್ಲದ ಕೆಂಪು ಮುರಕಲ್ಲನ್ನು ಉಳಿಸಿತು. ನಮ್ಮಲ್ಲಿ ವರ್ಷಕ್ಕೆ ಬೀಳುವ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆಗೆ ಅಷ್ಟು ತೊಳೆಯುವ ತಾಕತ್ತಿಲ್ಲ. ಸುಣ್ಣವು ಎರೆಭೂಮಿಯಲ್ಲಿಯೇ ಉಳಿದು ಬಿಳಿಯ ಹರಳುಗಳಾಗಿ ಕೂತಿದೆ. ನೆಲದೊಳಗೆ ಇಳಿದ ನೀರಿನಲ್ಲಿಯೂ ಕರಗಿದೆ. ಡೋಣಿ ನದಿಯ ನೀರಿನ ಉಪ್ಪು ಯಾರಿಗೆ ಗೊತ್ತಿಲ್ಲ? ಆ ಸುಣ್ಣ ಸಾರಗಳಿಂದಲೇ ನಮ್ಮ ಎರೆಯಲ್ಲಿ ಬಿಳಿಜೋಳ ಹುಲುಸಾಗಿ ಬರುವುದು. ಅವುಗಳಿಂದಲೇ ಈ ಗಿಡ ಸಾಯುವುದು.

ನೀರಿನಲ್ಲಿ ಲವಣವಿದ್ದರೆ ಬೇರು ನೀರನ್ನು ಸೆಳೆಯಲಾರದು. ಕುಂಡ ಒದ್ದೆಯಾಗಿದ್ದರೂ ಗಿಡ ಬಾಯಾರಿಕೆಯಿಂದ ಬಳಲುತ್ತದೆ. ಅದಲ್ಲದೆ ಈ ಗಿಡಕ್ಕೆ ಹುಳಿಯಾದ ಮಣ್ಣು ಬೇಕು. ಸುಣ್ಣವು ಆ ಹುಳಿಯನ್ನು ಕೊಲ್ಲುತ್ತದೆ. ತಿಕೋಟಾದ ದ್ರಾಕ್ಷಿ ತೋಟದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನಿ ನೀರಾವರಿಯ ಕೊಳವೆಯ ತೂತಿನಲ್ಲಿ ಕಟ್ಟುವ ಬಿಳಿ ಹೊಟ್ಟು, ಉಪ್ಪು ನೀರಿನ ತೋಟದಲ್ಲಿ ಎಲೆಯ ಅಂಚು ಸುಟ್ಟು ಒಳಗೆ ಸರಿಯುವ ಬಗೆ, ಇವೆರಡನ್ನೂ ಅವರು ಬಲ್ಲರು. ಗಟ್ಟಿಗ ದ್ರಾಕ್ಷಿಯ ಬಳ್ಳಿಯೇ ಹಾಗೆ ನರಳುವಾಗ ಅಂಗೈಯಗಲದ ಈ ಗಿಡದ ಪಾಡೇನು?

ನಂಬಿಕೆ ಬಾರದವರು ಒಂದು ಸುಲಭ ಪರೀಕ್ಷೆ ಮಾಡಬಹುದು. ಗಾಜಿನ ತುಂಡಿನ ಮೇಲೆ ಒಂದು ಕಡೆ ಒಂದು ಚಮಚ ಬಾವಿಯ ನೀರನ್ನೂ ಇನ್ನೊಂದು ಕಡೆ ಒಂದು ಚಮಚ ಮಳೆನೀರನ್ನೂ ಹಾಕಿ, ಧೂಳು ಬೀಳದಂತೆ ಬಿಸಿಲಿಗಿಟ್ಟು ಆರಿಸಿರಿ. ಬಾವಿಯ ನೀರಿದ್ದ ಕಡೆ ಬಿಳಿಯ ಕಲೆ ಉಳಿಯುತ್ತದೆ; ಬಚ್ಚಲ ಹಂಡೆಯೊಳಗೆ ಪದರುಗಟ್ಟುವುದೂ ಇದೇ ವಸ್ತು. ಕೆಲವರು ನೀರನ್ನು ಕುದಿಸಿ ಆರಿಸಿ ಹಾಕಿದರೆ ಸರಿಹೋದೀತೆಂದು ತಿಳಿಯುತ್ತಾರೆ. ಕುದಿಸಿದರೆ ರೋಗಾಣು ಸತ್ತಾವು, ಒಂದಿಷ್ಟು ಸುಣ್ಣವೂ ತಳ ಹಿಡಿದೀತು. ಉಳಿದ ಲವಣವೆಲ್ಲ ಕಡಮೆಯಾದ ನೀರಿನಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲುವುದು. ಈಚೆಗೆ ಪೆನ್ನಿನಷ್ಟು ಸಣ್ಣದಾದ ಟಿ.ಡಿ.ಎಸ್. ಮಾಪಕವು ಅಲ್ಪ ಬೆಲೆಗೆ ದೊರೆಯುತ್ತದೆ. ಕರಗಿದ ಲವಣವು ಲೀಟರಿಗೆ ೫೦ ಮಿಲಿಗ್ರಾಮಿನೊಳಗೆ ಇದ್ದರೆ ಆ ನೀರು ಈ ಗಿಡಕ್ಕೆ ಯೋಗ್ಯ. ಮನುಷ್ಯರು ಕುಡಿಯುವ ನೀರಿಗೆ ಭಾರತೀಯ ಮಾನಕದವರು ಹಾಕಿದ ಗೆರೆ ೫೦೦. ಬೇರೆ ನೀರೇ ಇಲ್ಲದ ಊರಿನಲ್ಲಿ ೨೦೦೦ದವರೆಗೂ ಅನುಮತಿಯುಂಟು. ಆದಕಾರಣ ನಾವು ಕುಡಿದು ಸುಖವಾಗಿರುವ ನೀರು ಗಿಡಕ್ಕೇಕೆ ಬೇಡವೆಂದು ವಾದಿಸುವುದು ಇಲ್ಲಿ ಸಲ್ಲದು. ನಲ್ಲಿಗೂ ಕಾಲುವೆಗೂ ಬರುವ ಕೃಷ್ಣೆಯ ನೀರು ಸಾಮಾನ್ಯವಾಗಿ ಕೊಳವೆಬಾವಿಯದಕ್ಕಿಂತ ಮೃದುವಾದುದು. ಆದರೂ ಈ ಗಿಡದ ಮಟ್ಟಕ್ಕೆ ಅದು ಗಡುಸೇ.

ಹಾಗಾದರೆ ಮಾಡತಕ್ಕದ್ದೇನು? ಮೊಟ್ಟಮೊದಲು ಉಣಿಸುವುದನ್ನು ನಿಲ್ಲಿಸಬೇಕು. ಬೇನೆಯ ಗಿಡಕ್ಕೆ ಹುಳುವನ್ನು ಅರಗಿಸುವ ಶಕ್ತಿ ಇರುವುದಿಲ್ಲ. ಅರಗದ ಹುಳು ಬಾಯೊಳಗೇ ಕೊಳೆತು ಬೂಷ್ಟು ಹಿಡಿಯುತ್ತದೆ. ಪೂರ್ತಿ ಕಪ್ಪಾದ ಎಲೆಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ; ಅರ್ಧ ಹಸುರಿದ್ದುದನ್ನು ಬಿಡಿರಿ. ಹೂವಿನ ದಂಟು ಎದ್ದಿದ್ದರೆ ಮರುಕಪಡದೆ ಅದನ್ನೂ ಚಿವುಟಬೇಕು, ಸೊರಗಿದ ಗಿಡದ ಉಳಿದ ಸತ್ತ್ವವನ್ನೆಲ್ಲ ಅದೇ ಹೀರಿಬಿಡುತ್ತದೆ. ಗೊಬ್ಬರ ಹಾಕಿರುವುದರಿಂದ ತಿಕೋಟಾದ ಸೋದರಿಯು ಗಿಡವನ್ನು ಹೊರತೆಗೆದು, ಬೇರನ್ನು ಮಳೆನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆದು, ಹೊಸ ಮಣ್ಣಿನಲ್ಲಿ ನೆಡುವುದೇ ಯುಕ್ತ. ಗೊಬ್ಬರ ಹಾಕದೆ ಬರೀ ಗಡುಸು ನೀರನ್ನು ಎರೆದವರು ಇಷ್ಟು ಮಾಡಬೇಕಾಗಿಲ್ಲ. ಕುಂಡದ ಮೇಲಿನಿಂದ ಶುದ್ಧ ನೀರನ್ನು ಎರೆದೆರೆದು, ತಳದ ತೂತಿನಿಂದ ಕುಂಡದ ಮೂರು ನಾಲ್ಕು ಪಾಲಿನಷ್ಟು ನೀರು ಹರಿದು ಹೋಗುವಂತೆ ಮಾಡಿದರೆ ಲವಣದ ಬಹುಭಾಗ ತೊಳೆದುಹೋಗುತ್ತದೆ.

ಮಣ್ಣಿನ ವಿಷಯದಲ್ಲಿ ಮೋಸಹೋಗುವ ಸಂಭವವು ಬಹಳ. ಎರೆಮಣ್ಣು ಕೂಡದು, ಕೆಮ್ಮಣ್ಣು ಕೂಡದು, ಎರೆಹುಳುವಿನ ಗೊಬ್ಬರವೂ ಕೂಡದು. ಬೇಕಾದುದು ಜವುಗಿನ ಪಾಚಿ ಕೊಳೆತು ಆದ ಪೀಟ್ ಎಂಬ ವಸ್ತು, ಅದರೊಡನೆ ತೊಳೆದ ಒರಟು ಮರಳು ಅಥವಾ ಪರ್ಲೈಟ್. ಅಂಗಡಿಯಲ್ಲಿ ಪೀಟ್ ಎಂದು ಕೇಳಿದರೆ ಅನೇಕ ಸಲ ತೆಂಗಿನ ನಾರಿನ ಪುಡಿಯನ್ನು ಕೊಡುತ್ತಾರೆ. ಕೋಕೋಪೀಟ್ ಎಂಬ ಈ ಪುಡಿಯಲ್ಲಿ ಉಪ್ಪಿನ ಅಂಶವಿರುವುದುಂಟು. ಅನ್ಯಗತಿಯಿಲ್ಲದಿದ್ದರೆ ಅದನ್ನು ಶುದ್ಧ ನೀರಿನಲ್ಲಿ ಐದಾರು ಸಲ ನೆನೆಯಿಟ್ಟು ಹಿಂಡಿ ಬಳಸಬಹುದು. ಮರಳನ್ನು ಪರೀಕ್ಷಿಸಲು ಒಂದು ಹಿಡಿಯ ಮೇಲೆ ನಿಂಬೆಯ ರಸವನ್ನು ಹಿಂಡಿರಿ; ಇಂಡಿ ತಾಲೂಕಿನ ನೆರೆಯವರಾದ ನಮಗೆ ನಿಂಬೆಹಣ್ಣಿಗೇನು ಬರ? ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬಿಸಾಡಬೇಕು. ಮಣ್ಣಿನ ಕುಂಡಕ್ಕಿಂತ ಪ್ಲಾಸ್ಟಿಕ್ಕಿನದೇ ಇಲ್ಲಿ ಮೇಲು. ಮಣ್ಣಿನ ಕುಂಡವು ಲವಣವನ್ನು ತನ್ನ ಮೈಯಲ್ಲಿ ಇಂಗಿಸಿಕೊಂಡು ಮತ್ತೆ ಮತ್ತೆ ಬಿಡುತ್ತದೆ.

ಇನ್ನು ಮಳೆನೀರಿನ ಮಾತು. ಬರದ ಸೀಮೆಯಲ್ಲಿ ಕುಳಿತು ಒಂದು ಆಟದ ಗಿಡಕ್ಕೆ ಮಳೆನೀರನ್ನು ಕೂಡಿಡಿರೆಂದರೆ ಮನೆಯ ಹಿರಿಯರು ನಕ್ಕಾರು. ಲೆಕ್ಕ ಮಾತ್ರ ಹಾಗಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತಗಡಿನ ಮಾಡಿನ ಮೇಲೆ ೨೦ ಮಿಲಿಮೀಟರಿನ ಒಂದೇ ಒಂದು ಮಳೆ ಬಿದ್ದರೆ ೧೮೦ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಒಂದು ಸಣ್ಣ ಕುಂಡಕ್ಕೆ ಬೇಸಗೆಯಲ್ಲಿ ದಿನಕ್ಕೆ ಕಾಲು ಲೀಟರ್ ಹಿಡಿದರೂ ಫೆಬ್ರವರಿಯಿಂದ ಮೇ ತಿಂಗಳ ಕೊನೆಯವರೆಗೆ ೩೦ ಲೀಟರ್ ಸಾಕು. ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ಬೇಸಗೆಯೇ ಕಳೆಯುತ್ತದೆ. ಸೆಪ್ಟೆಂಬರಿನ ಮಳೆಯಲ್ಲಿ ಇಷ್ಟನ್ನು ತುಂಬಿಡುವುದು ಯಾವ ಮನೆಗೂ ಭಾರವಲ್ಲ. ತೊರವಿಯಿಂದ ನೆಲದೊಳಗೆ ಸುರಂಗ ತೋಡಿ ನಗರಕ್ಕೆ ನೀರು ತಂದ ಆದಿಲಶಾಹಿಗಳ ಊರಿನವರಿಗೆ ಎರಡು ಕ್ಯಾನು ಹೆಚ್ಚೆನಿಸಬಾರದು.

ಆದರೆ ಮಣ್ಣಿನ ಮಾಳಿಗೆಯ ದೋಣಿಯಿಂದ ಬಿದ್ದ ನೀರು ಬೇಡ. ಆಗತಾನೆ ಸುಣ್ಣ ಬಳಿದ ಗಚ್ಚಿನ ನೀರೂ ಬೇಡ. ಮೊದಲ ಹತ್ತು ನಿಮಿಷದ ಮಳೆಯನ್ನು ಧೂಳು ತೊಳೆಯಲು ಬಿಟ್ಟು ಅನಂತರ ಹಿಡಿಯಿರಿ. ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ಇಡಬೇಡಿರಿ. ಕ್ಯಾನಿನ ಬಾಯನ್ನು ಭದ್ರವಾಗಿ ಮುಚ್ಚಿ ಕತ್ತಲೆಯಲ್ಲಿಡಿರಿ, ಇಲ್ಲವಾದರೆ ಪಾಚಿ ಕಟ್ಟುವುದಲ್ಲದೆ ಸೊಳ್ಳೆಗಳಿಗೆ ತೊಟ್ಟಿಲಾಗುತ್ತದೆ. ಸೊಳ್ಳೆ ತಿನ್ನುವ ಗಿಡಕ್ಕಾಗಿ ಸೊಳ್ಳೆಯನ್ನು ಸಾಕಿದಂತಾಗಬಾರದು!

ಮಳೆನೀರು ತೀರಿದವರು ಆರ್.ಓ. ಯಂತ್ರದ ನೀರನ್ನು ಹಾಕಬಹುದು. ಹಳ್ಳಿಗಳಲ್ಲಿಯ ಶುದ್ಧ ಕುಡಿಯುವ ನೀರಿನ ಘಟಕಗಳ ನೀರೂ ಈ ಬಗೆಯದೇ. ಕೆಲವು ಯಂತ್ರಗಳು ರುಚಿಗಾಗಿ ಲವಣವನ್ನು ಮರಳಿ ಬೆರೆಸುತ್ತವೆ; ಆದುದರಿಂದ ಮಾಪಕದಲ್ಲಿ ನೋಡಿಯೇ ಎರೆಯಬೇಕು. ಇಲ್ಲಿ ಮಿತವ್ಯಯಿ ಗೃಹಿಣಿಯರಿಗೆ ಒಂದು ಎಚ್ಚರಿಕೆ. ಯಂತ್ರದಿಂದ ಹೊರಬೀಳುವ ಬೇಡದ ನೀರನ್ನು ಚೆಲ್ಲದೆ ಗಿಡಗಳಿಗೆ ಹಾಕುವ ಒಳ್ಳೆಯ ರೂಢಿ ನಮ್ಮಲ್ಲಿ ಬೆಳೆದಿದೆ. ಆ ನೀರಿನಲ್ಲಿ ತೆಗೆದುಹಾಕಿದ ಲವಣವೆಲ್ಲ ಸೇರಿರುವುದರಿಂದ ನೊಣಬೋನಿಗೆ ಅದು ಕೊಳವೆಬಾವಿಯ ನೀರಿಗಿಂತಲೂ ಕೇಡು.

ನೊಣಬೋನಿನ ಕುಂಡವನ್ನು ಒಂದು ತಾಟಿನಲ್ಲಿಟ್ಟು, ತಾಟಿನಲ್ಲಿ ಬೆರಳಗಲದ ನೀರು ಸದಾ ನಿಂತಿರುವಂತೆ ನೋಡಿಕೊಂಡರೆ ಮೇಲಿನಿಂದ ಹನಿಸುವ ಗೊಡವೆಯಿಲ್ಲ. ಬಿಸಿಲು ಇದಕ್ಕೆ ಬೇಕು. ಪಡಸಾಲೆಯ ಮೂಲೆಯಲ್ಲಿ ಚಂದಕ್ಕೆ ಇಟ್ಟರೆ ಎಲೆ ಉದ್ದವಾಗಿ ಜೋತು ಬಾಯಿ ಮುಚ್ಚುವುದನ್ನೇ ಮರೆಯುತ್ತದೆ. ಮೂಡಲ ಕಡೆಯ ಕಟ್ಟೆಯ ಮೇಲೆ ಬೆಳಗಿನ ಬಿಸಿಲು ತಾಗಲಿ. ಚೈತ್ರ ವೈಶಾಖದಲ್ಲಿ ಹತ್ತು ಗಂಟೆಯ ಮೇಲೆ ತೆಳು ಪರದೆಯ ನೆರಳಿರಲಿ. ನಮ್ಮ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟಿದಾಗ ಕರಿಯ ಪ್ಲಾಸ್ಟಿಕ್ ಕುಂಡದೊಳಗೆ ಬೇರು ಬೆಂದುಹೋಗುತ್ತದೆ. ಕುಂಡಕ್ಕೊಂದು ಬಿಳಿಯ ಬಟ್ಟೆ ಸುತ್ತುವುದು ಒಳ್ಳೆಯದು.

ಬಬಲೇಶ್ವರದಿಂದ ಹೂಜಿಗಿಡದ ಬಗೆಗೂ ಒಂದು ಪ್ರಶ್ನೆ ಬಂದಿದೆ. ಎಲೆಗಳು ಹಸುರಾಗಿಯೇ ಇವೆ, ಆದರೆ ತುದಿಯ ಹೂಜಿಗಳು ಒಣಗಿ ಬೀಳುತ್ತಿವೆಯಂತೆ. ಇದು ಬೇರೆ ಗಿಡ, ಬೇರೆ ಬೇನೆ. ನೆಪೆಂಥಿಸ್ ಎಂಬ ಹೂಜಿಗಿಡದ ಕುಲದಲ್ಲಿ ಭಾರತದ್ದು ಒಂದೇ ಜಾತಿ. ಅದು ಮೇಘಾಲಯದ ಬೆಟ್ಟಗಳದು, ಅಲ್ಲಿಯ ಗಾರೋ ಜನರು ಅದನ್ನು ದೆವ್ವದ ಬುಟ್ಟಿಯೆಂದು ಕರೆಯುತ್ತಾರೆ. ಅಂಗಡಿಗಳಲ್ಲಿ ದೊರೆಯುವುದು ಸಾಮಾನ್ಯವಾಗಿ ಪೂರ್ವದ್ವೀಪಗಳ ಜಾತಿಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ. ಎಲ್ಲವೂ ತೇವದ ಗಾಳಿಯವು. ನಮ್ಮ ಬೇಸಗೆಯ ಮಧ್ಯಾಹ್ನದ ಒಣಗಾಳಿಯಲ್ಲಿ ಹೂಜಿ ನಿಲ್ಲಲಾರದು, ಎಲೆ ನಿಲ್ಲುತ್ತದೆ. ಬೆಳಕು ಬರುವ ಬಚ್ಚಲಮನೆಯ ಕಿಟಕಿಯಲ್ಲಿಯೋ ಬೇರೆ ಕುಂಡಗಳ ನಡುವೆಯೋ ಇಟ್ಟರೆ ಮಳೆಗಾಲದಲ್ಲಿ ಹೊಸ ಹೂಜಿಗಳು ಬಂದಾವು. ಇದರ ಕುಂಡವನ್ನು ಮಾತ್ರ ನೀರಿನ ತಾಟಿನಲ್ಲಿ ನಿಲ್ಲಿಸಬಾರದು, ಬೇರು ಕೊಳೆಯುತ್ತದೆ. ಹೂಜಿಯೊಳಗಿನ ದ್ರವವು ಕೊಳಕೆಂದು ಚೆಲ್ಲಿ ತೊಳೆದವರಿದ್ದಾರೆ. ಅದು ಗಿಡದ ಜಠರರಸ, ಚೆಲ್ಲಬಾರದು.

ಅತ್ತೆಯವರ ಪ್ರಶ್ನೆಗೆ ಬರೋಣ. ಚಾರ್ಲ್ಸ್ ಡಾರ್ವಿನ್ನನು ೧೮೭೫ರಲ್ಲಿ ಈ ಗಿಡಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಮೂರು ವರ್ಷಗಳ ಬಳಿಕ ಅವನ ಮಗ ಫ್ರಾನ್ಸಿಸನು ಡ್ರಾಸೆರಾ ಗಿಡಗಳಲ್ಲಿ ಕೆಲವಕ್ಕೆ ಮಾಂಸದ ಚೂರು ಕೊಟ್ಟು, ಕೆಲವಕ್ಕೆ ಕೊಡದೆ ಬೆಳೆಯಿಸಿ ನೋಡಿದನು. ಉಂಡವು ಹೆಚ್ಚು ಹೂವು ಬೀಜ ಬಿಟ್ಟವು. ಉಣ್ಣದವೂ ಬದುಕಿಯೇ ಇದ್ದವು. ಅಂದರೆ ಈ ಗಿಡಕ್ಕೂ ಮುಖ್ಯ ಅನ್ನವು ಸೂರ್ಯನ ಬೆಳಕೇ; ಹುಳುವು ಉಪ್ಪಿನಕಾಯಿಯಂತೆ. ಮನೆಯವರು ಕೈಯಾರೆ ಏನನ್ನೂ ಕೊಡದೆ ಕಟ್ಟೆಯ ಮೇಲಿಟ್ಟರೆ ಅದರ ಪಾಲಿನದನ್ನು ಅದು ತಾನೇ ಸಂಪಾದಿಸಿಕೊಳ್ಳುತ್ತದೆ, ಪಾಪಪುಣ್ಯವೂ ಅದರದೇ. ಉಣಿಸಲೇಬೇಕೆಂಬವರು, ಗಿಡ ಗುಣವಾದ ಮೇಲೆ, ಎರಡು ಮೂರು ವಾರಕ್ಕೊಂದು ಸಣ್ಣ ಹುಳು ಕೊಟ್ಟರೆ ಸಾಕು. ಮಾಂಸದ ತುಂಡು, ಹಾಲು, ಸಕ್ಕರೆ ಯಾವುವೂ ಬೇಡ. ದ್ರಾಕ್ಷಿಗೆ ಔಷಧ ಸಿಂಪಡಿಸಿದ ದಿನ ಸತ್ತುಬಿದ್ದ ಹುಳುವನ್ನಂತೂ ಎತ್ತಿ ಹಾಕಬಾರದು.

ಮಕ್ಕಳಿಗೆ ಹೇಳಬೇಕಾದ ಮಾತು ಒಂದಿದೆ. ನೊಣಬೋನಿನ ಬಾಯೊಳಗೆ ಸಣ್ಣ ರೋಮಗಳಿವೆ. ಇಪ್ಪತ್ತು ಸೆಕೆಂಡುಗಳೊಳಗೆ ಎರಡು ಸಲ ಮುಟ್ಟಿದರೆ ಬಾಯಿ ಕಣ್ಣೆವೆಯಿಕ್ಕುವುದರೊಳಗೆ ಮುಚ್ಚುತ್ತದೆ. ಇದನ್ನು ನೋಡುವ ಆಸೆಯಿಂದ ಗೆಳತಿಯರನ್ನೆಲ್ಲ ಕರೆತಂದು ಕಡ್ಡಿಯಿಂದ ಚುಚ್ಚುವುದುಂಟು. ಒಂದೊಂದು ಬಾಯಿಗೂ ಇಷ್ಟೇ ಸಲ ಮುಚ್ಚುವೆನೆಂಬ ಮಿತಿಯಿದೆ. ಬರಿಬಾಯಿ ಮುಚ್ಚಿ ತೆರೆದು ದಣಿದರೆ ಅದು ಬೇಗನೆ ಕಪ್ಪಾಗುತ್ತದೆ. ಕೆಲವು ಹುಳು ಅರಗಿಸಿದ ಹಳೆಯ ಬಾಯಿ ಕಪ್ಪಾಗುವುದು ಮಾತ್ರ ಸಹಜವೇ, ಹೊಸ ಎಲೆ ಚೆನ್ನಾಗಿದ್ದರೆ ಗಾಬರಿ ಬೇಡ. ಮಾರ್ಗಶಿರ ಪುಷ್ಯದ ಚಳಿಯಲ್ಲಿ ಗಿಡ ಕುಗ್ಗಿ ಗಿಡ್ಡ ಎಲೆ ಬಿಡುವುದೂ ಸಹಜ. ಆಗ ಅದಕ್ಕೆ ನಿದ್ರೆಯ ಕಾಲ, ರಾತ್ರಿ ಮಾಳಿಗೆಯ ಮೇಲೆ ತೆರೆದ ಗಾಳಿಯಲ್ಲಿರಲಿ. ನಮ್ಮ ಚಳಿ ಅದರ ತವರಿನಷ್ಟು ಬಿರುಸಲ್ಲ. ಈ ಕಾರಣದಿಂದ ನೀರೆಲ್ಲ ಸರಿಯಾದರೂ ವರ್ಷಗಳು ಕಳೆದಂತೆ ನೊಣಬೋನು ಇಲ್ಲಿ ಸ್ವಲ್ಪ ದಣಿಯುವುದೆಂಬುದನ್ನು ಮುಚ್ಚಿಡಬಾರದು.

ಹೊಸದಾಗಿ ತರುವವರು ನನ್ನ ಮಾತು ಕೇಳುವುದಾದರೆ ನೊಣಬೋನಿಗಿಂತ ಡ್ರಾಸೆರಾದಿಂದ ಆರಂಭಿಸಲಿ. ನಮ್ಮ ದೇಶದ ಡ್ರಾಸೆರಾ ಬರ್ಮಾನಿ ಎಂಬ ಜಾತಿಗೆ ಚಳಿನಿದ್ರೆ ಬೇಡ. ರೂಪಾಯಿಯಷ್ಟಗಲದ ಕೆಂಪು ಚಕ್ರದಂತೆ ಹರಡಿ, ಹೂತು, ಬೀಜ ಉದುರಿಸಿ ತನ್ನ ಕುಂಡದಲ್ಲಿಯೇ ಮತ್ತೆ ಹುಟ್ಟುತ್ತದೆ. ಕಾಸ್ ಬಯಲಿನಿಂದಲೋ ಮಲೆನಾಡಿನಿಂದಲೋ ಕಿತ್ತು ತರುವುದು ಬೇಡ. ಅಲ್ಲಿಂದ ಕಿತ್ತದ್ದು ದಾರಿಯಲ್ಲಿಯೇ ಸಾಯುತ್ತದೆ, ಅಲ್ಲಿಯೂ ಇಲ್ಲದಾಗುತ್ತದೆ. ಬೆಳೆಸಿ ಮಾರುವವರಲ್ಲಿ ಬೀಜ ದೊರೆಯುತ್ತದೆ. ಒದ್ದೆ ಪೀಟಿನ ಮೇಲೆ ಚಿಮುಕಿಸಿ, ಮಣ್ಣು ಮುಚ್ಚದೆ, ಬೆಳಕಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಸಾಸಿವೆಗಿಂತ ಸಣ್ಣ ಮೊಳಕೆಗಳು ಕಾಣತೊಡಗುತ್ತವೆ. ಅವುಗಳ ಮೇಲೆ ನೀರನ್ನು ಸುರಿಯಬಾರದು, ತಾಟಿನಿಂದಲೇ ಹೀರಿಕೊಳ್ಳಲಿ.